ಕರಿಬೇವಿನ ಗಿಡದಲ್ಲಿ ಅಮ್ಮನ ಬೆಳೆ

ನಮ್ಮ ಹಿತ್ತಲಿನ ಕರಿಬೇವಿನ ಗಿಡದ ಒಂದು ಕೊಂಬೆಗೆ ರೇಷ್ಮೆಯ ಸಣ್ಣ ಎಳೆಯೊಂದು ಸುತ್ತಿಕೊಂಡಿದೆ. ಮನೆಗೆ ಬಂದವರು ಅದನ್ನು ನೋಡಿ, "ಏನ್ರೀ, ಹರಕೆ ಕಟ್ಟಿದ್ದೀರಾ?" ಎಂದು ಕೇಳುತ್ತಾರೆ. ಒಗ್ಗರಣೆಗೆ ಹಾಕುವ ಗಿಡಕ್ಕೆ ಯಾರಾದರೂ ಹರಕೆ ಕಟ್ಟುತ್ತಾರೆಯೇ? ಆದರೂ ನಾನು "ಹೂಂ, ಹಂಗೇ ಅಂದ್ಕೊಳ್ಳಿ" ಎಂದು ಮಾತು ಮುಗಿಸುತ್ತೇನೆ. ಇದ್ದದ್ದನ್ನು ಇದ್ದ ಹಾಗೆ ಹೇಳಲು ಹೊರಟರೆ ಅವರ ಕೈಯಲ್ಲಿರುವ ಕಾಫಿ ಆರಿಹೋಗುತ್ತದೆ. ನಿಮಗೆ ಪುರುಸೊತ್ತಿದ್ದ ಹಾಗೆ ಕಾಣುತ್ತದೆ, ಅದಕ್ಕೇ ಹೇಳುತ್ತೇನೆ.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರ್ಕೆಟ್ಟಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಪಹಣಿ, ಬೇರೆಯವರ ಆಧಾರ್ ಕಾರ್ಡು, ಬೇರೆಯವರ ಮಕ್ಕಳ ಅಂಕಪಟ್ಟಿ ನೋಡಿ ನೋಡಿ ಬೇಜಾರಾಗಿ, ನನಗೂ ಒಂದು ಹವ್ಯಾಸ ಅಂತ ಇರಬೇಕು ಅನ್ನಿಸಿತ್ತು. ಹೀಗಿರುವಾಗ ಮೇಷ್ಟ್ರೊಬ್ಬರು ಚಿಟ್ಟೆಗಳ, ಅವುಗಳ ಮರಿ ಕೋಶಗಳ ದೊಡ್ಡ ಬಣ್ಣದ ಪಟವೊಂದನ್ನು ತಂದು ನಕಲು ತೆಗೆಸಿಕೊಂಡರು. ಅವರನ್ನು ಕೇಳಿಯೇ ನನಗೂ ಒಂದು ಪ್ರತಿ ಹೊಡೆದುಕೊಂಡೆ. ನನ್ನ ಯಂತ್ರ ಕಪ್ಪು ಬಿಳುಪಿನದು. ಹಳದಿಯದು, ನೀಲಿಯದು, ಕಿತ್ತಳೆ ಬಣ್ಣದ್ದು ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ ಬೂದು ಬಣ್ಣಕ್ಕೆ ತಿರುಗಿದವು. ಆ ಹಾಳೆಯನ್ನು ಹಿಡಿದುಕೊಂಡು ಭಾನುವಾರ ಹಿತ್ತಲಲ್ಲಿ ನಿಂತು, ಹಾರಿಬಂದ ಚಿಟ್ಟೆಗೆಲ್ಲ ನನಗೆ ಸರಿಕಂಡ ಹೆಸರಿಡುತ್ತಿದ್ದೆ. ನನ್ನ ಹೆಂಡತಿ ಸುಮಿತ್ರ ಅಡುಗೆಮನೆಯ ಕಿಟಕಿಯಿಂದ, "ರೀ, ಆ ಚಿಟ್ಟೇನೂ ಒಂದ್ಸಲ ಮಿಷನ್ ಒಳಗೆ ಇಟ್ಟು ತೆಗೀರಿ. ಆಗ ಪಟಕ್ಕೆ ಸರಿಯಾಗಿ ಹೊಂದುತ್ತೆ" ಅನ್ನುತ್ತಿದ್ದಳು. ಅವಳು ಗೌರಿಬಿದನೂರಿನವಳು. ಅಲ್ಲಿಯವರೆಲ್ಲ ಹೀಗೇ ಮಾತಾಡುತ್ತಾರೋ ಇವಳೊಬ್ಬಳೋ ನನಗೆ ಇನ್ನೂ ತಿಳಿದಿಲ್ಲ.

ಹಿತ್ತಲು ಅಂದಾಕ್ಷಣ ತೋಟವನ್ನು ಕಲ್ಪಿಸಿಕೊಳ್ಳಬೇಡಿ. ಒಂದು ಕರಿಬೇವು, ಒಂದು ನಿಂಬೆ, ಒಂದು ದಾಸವಾಳ, ಬಟ್ಟೆ ಒಗೆಯುವ ಕಲ್ಲು, ಬಟ್ಟೆ ಒಣಗುವ ತಂತಿ. ಗೋಡೆಯ ಆಚೆ ರಹೀಂ ಭಾಯ್ ಅವರ ರೀಲಿಂಗ್ ಶೆಡ್ಡು. ರೇಷ್ಮೆಗೂಡನ್ನು ಬಿಸಿನೀರಲ್ಲಿ ಕುದಿಸಿ ನೂಲು ತೆಗೆಯುವುದು ಅವರ ಮನೆತನದ ಕೆಲಸ. ಬೆಂದ ಹುಳುವಿನ ವಾಸನೆ ಗೋಡೆ ದಾಟಿ ನಮ್ಮ ಮನೆಗೂ ಬರುತ್ತದೆ. ಹೊರಗಿನಿಂದ ಬಂದ ನೆಂಟರು ಮೂಗಿಗೆ ಬಟ್ಟೆ ಹಿಡಿದಾಗಲೇ ನಮಗೆ ಅಂಥದ್ದೊಂದು ವಾಸನೆ ಇದೆ ಅನ್ನುವುದು ನೆನಪಾಗುವುದು.

ಈ ಹಿತ್ತಲಿಗೆ ನಿಜವಾದ ಯಜಮಾನಿ ಬಂದದ್ದು ಅಮ್ಮ ಬಂದ ಮೇಲೆ. ನಮ್ಮೂರು ಚಿಂತಾಮಣಿ ಕಡೆಯ ಹಳ್ಳಿ. ಮನೆಯೊಳಗೆ ಅರ್ಧ ತೆಲುಗು, ಅರ್ಧ ಕನ್ನಡ. ಅಮ್ಮ ನನ್ನನ್ನು ಇವತ್ತಿಗೂ ಕರೆಯುವುದು 'ನಾಯನಾ' ಎಂದೇ, ಕನ್ನಡದಲ್ಲಿ ಮಗನನ್ನು 'ಅಪ್ಪಾ' ಅನ್ನುವ ಹಾಗೆ. ಮದುವೆಯಾಗಿ ಬಂದ ವರ್ಷದಿಂದ ರೇಷ್ಮೆಹುಳು ಸಾಕಿದವಳು ಅವಳು. ಊರಲ್ಲಿ ನನ್ನ ಅಣ್ಣ ಹುಳು ಬಿಟ್ಟು ತರಕಾರಿಗೆ ಬಿದ್ದ ಮೇಲೆ, "ಟೊಮೇಟೊ ನೋಡ್ಕೊಳ್ಳಕ್ಕೆ ನಾನು ಯಾಕೆ?" ಎಂದು ಒಂದು ದಿನ ಬಸ್ಸು ಹತ್ತಿ ಬಂದೇಬಿಟ್ಟಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಅಂಚು ಮುರಿದ ಹಳೆಯ ಚಂದ್ರಿಕೆ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುತ್ತಾರಲ್ಲ, ಬಿದಿರಿನ ಪಟ್ಟಿಯನ್ನು ಸುರುಳಿಯಾಗಿ ಹೆಣೆದ ಆ ತಟ್ಟಿ. ಕಂಡಕ್ಟರು ಅದಕ್ಕೆ ಲಗೇಜು ಕೇಳಿದ್ದಕ್ಕೆ, ಶಿಡ್ಲಘಟ್ಟದ ಬಸ್ಸಲ್ಲಿ ಚಂದ್ರಿಕೆಗೆ ಲಗೇಜಾ ಎಂದು ಬಸ್ಸಿನವರೆಲ್ಲ ಅಮ್ಮನ ಪರ ನಿಂತರಂತೆ.

ಚೀಲದೊಳಗೆ ಬೀಜಗಳಿದ್ದವು. ಹಳೆಯ ಸೀರೆಯ ಚೂರುಗಳಲ್ಲಿ ಬೇರೆ ಬೇರೆ ಗಂಟು ಕಟ್ಟಿ, ಬೂದಿ ಬೆರೆಸಿ ಇಟ್ಟಿದ್ದಳು. ದಾರಿಯಲ್ಲಿ ಗಂಟುಗಳೆಲ್ಲ ಸಡಿಲವಾಗಿ ಬೀಜ ಕಲೆತುಹೋಗಿದ್ದವು. ಅವುಗಳನ್ನು ಬೇರೆ ಮಾಡುವ ಕೆಲಸ ಜಗಲಿಯಲ್ಲಿ ಶುರುವಾಯಿತು. ಸೋರೆ ಬೀಜಕ್ಕೆ ತಲೆಯ ಕಡೆ ಎರಡು ಕಿವಿ ಇರುತ್ತದೆ, ಹಾಗಲದ್ದಕ್ಕೆ ಅಂಚಿನಲ್ಲಿ ಕೆತ್ತನೆ ಕೆಲಸ ಮಾಡಿದ ಹಾಗಿರುತ್ತದೆ, ಅವರೆಗೆ ಬಿಳಿಯ ಹುಬ್ಬು. ಇಷ್ಟನ್ನು ನಾನೂ ಬಲ್ಲೆ. ಹೀರೆ ಮತ್ತು ತುಪ್ಪದ ಹೀರೆ ಬಂದಾಗ ಮಾತ್ರ ತಡವರಿಸಿದೆ. ಎರಡೂ ಕಪ್ಪು. ನುಣುಪಾಗಿರುವುದು ತುಪ್ಪದ ಹೀರೆ ಎಂದು ಸುಮಿತ್ರ ಬೆರಳಲ್ಲಿ ಸವರಿ ಹೇಳಿದಳು. ಮೂಲೆಯಲ್ಲಿ ಉಳಿದ ಒಂದು ಬಗೆಯ ಪುಟ್ಟ, ಉದ್ದನೆಯ, ಕಪ್ಪು ಬೀಜ ಯಾರಿಗೂ ಗುರುತಾಗಲಿಲ್ಲ. ನಾನು ಫೋನಿನಲ್ಲಿ ಫೋಟೊ ತೆಗೆದು ಹುಡುಕಿದೆ. ಅದು ಮೂರು ಗಿಡಗಳ ಹೆಸರನ್ನು ಕೊಟ್ಟಿತು, ಒಂದು ವಿದೇಶದ್ದು. "ಇದು ಅಪರೂಪದ್ದು ಇರ್ಬೇಕು ಕಣೇ" ಎಂದು ಅಂಗೈಯಲ್ಲಿಟ್ಟು ಹೆಂಡತಿಗೆ ತೋರಿಸಿದೆ. ಅವಳು ಒಂದು ಸಲ ನೋಡಿ, "ರೀ, ಅದು ಇಲಿ ಹಿಕ್ಕೆ. ಕೈ ತೊಳ್ಕೊಳ್ಳಿ" ಅಂದಳು. ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನು ಎರಡು ಸಲ ಸೋಪು ಹಾಕಿ ತೊಳೆದುಕೊಂಡೆ.

ಬೀಜವೆಲ್ಲ ಬೇರೆಯಾಯಿತು, ಮಳೆ ಬಿದ್ದು ಮಣ್ಣೂ ಹದವಾಗಿತ್ತು. ನಾನು ಗೋಡೆಯ ಬುಡದಲ್ಲಿ ಮಣ್ಣು ಸಡಿಲ ಮಾಡಿ, ಅವರೆಬೀಜವನ್ನು ಅಮ್ಮನ ಕೈಗೆ ಕೊಡಲು ಹೋದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ನೀನೇ ಹಾಕು ನಾಯನಾ. ನನ್ನ ಕೈ ಬೇಡ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮೂರಿನಲ್ಲಿ ಅಮ್ಮನ ಕೈಗುಣ ಹೆಸರುವಾಸಿಯಾಗಿತ್ತು. ಮೊಟ್ಟೆಯೊಡೆದು ಹುಳು ಹೊರಗೆ ಬಂದ ದಿನ, ಅವುಗಳ ಮೇಲೆ ಮೊದಲ ಸೊಪ್ಪು ಹಾಕಲು ಅಕ್ಕಪಕ್ಕದ ಮನೆಯವರು ಅಮ್ಮನನ್ನು ಕರೆಯುತ್ತಿದ್ದರು. ಅವಳು ಕಾಲು ತೊಳೆದು ಒಳಗೆ ಹೋಗಿ, ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪನ್ನು ಒಂದು ಮುಷ್ಟಿ ಉದುರಿಸಿ ಬರುತ್ತಿದ್ದಳು. ಆ ಬೆಳೆ ಚೆನ್ನಾಗಿ ಬಂದರೆ ಒಂದು ಹಿಡಿ ಸಕ್ಕರೆಯೋ ಎಲೆ ಅಡಿಕೆಯೋ ನಮ್ಮ ಮನೆಗೆ ಬರುತ್ತಿತ್ತು. ಹೊಲದಲ್ಲಿ ಮೊದಲ ಕಾಳು ಹಾಕಬೇಕಾದರೂ ಅವಳೇ. ನಾವು ಮಕ್ಕಳಾಗಿದ್ದಾಗ ನಮ್ಮಮ್ಮನ ಕೈಯನ್ನು ಊರೇ ಎರವಲು ಪಡೆಯುತ್ತಿದೆ ಎಂದು ನಮಗೆ ಹೆಮ್ಮೆ.

ಆಮೇಲೆ ಪಕ್ಕದ ಹೊಲದವರು ದ್ರಾಕ್ಷಿ ಹಾಕಿದರು. ದ್ರಾಕ್ಷಿಗೆ ಔಷಧಿ ಹೊಡೆಯದೆ ಆಗುವುದಿಲ್ಲ, ರೇಷ್ಮೆಹುಳುವಿಗೆ ಔಷಧಿಯ ಗಾಳಿ ಸೋಕಿದ ಸೊಪ್ಪೂ ಆಗುವುದಿಲ್ಲ. ಅಮ್ಮನ ಕೊನೆಯ ಬೆಳೆ ಇನ್ನೇನು ಹಣ್ಣಾಗಬೇಕು ಅನ್ನುವಾಗ ಹುಳುಗಳೆಲ್ಲ ಹಸಿರು ನೀರು ಕಕ್ಕಿಕೊಂಡು ತಟ್ಟೆಯಲ್ಲೇ ಸತ್ತವು. ಔಷಧಿ ತಗುಲಿದೆ ಎಂದು ಅಣ್ಣ ಹೇಳಿದ, ನಾನು ಹೇಳಿದೆ, ಬಂದು ನೋಡಿದವರೂ ಹೇಳಿದರು. ಅಮ್ಮ ಒಪ್ಪಲಿಲ್ಲ. ಆ ಬೀದಿಯ ಇನ್ನೊಂದು ಮನೆಯವರ ಹುಳು ಚೆನ್ನಾಗಿಯೇ ಗೂಡು ಕಟ್ಟಿತ್ತು. "ಅವರ ಹುಳ ಬದುಕ್ತು, ನಂದು ಸತ್ತೋಯ್ತು. ಇನ್ನೇನು ಹೇಳ್ತೀರಾ? ನನ್ನ ಕೈಗುಣ ಹೋಯ್ತು" ಅಂದಳು. ಅಂದಿನಿಂದ ಯಾರು ಕರೆದರೂ ಮೊದಲ ಸೊಪ್ಪು ಹಾಕಲು ಹೋಗಲಿಲ್ಲ. ಕೈಯಿಂದ ಒಂದು ಬೀಜವನ್ನೂ ಮಣ್ಣಿಗೆ ಹಾಕಲಿಲ್ಲ.

ನಾನು ಅವಳ ಮಗನೇ ತಾನೆ, ಹಟದಲ್ಲಿ ಕಡಿಮೆಯೇನಲ್ಲ. "ನೀನು ಹಾಕಿದ್ರೆ ಅವರೆ, ಇಲ್ದಿದ್ರೆ ಬೇಡ" ಎಂದು ಬೀಜವನ್ನು ಡಬ್ಬಿಗೆ ಹಾಕಿ ಇಟ್ಟೆ. ಸಡಿಲ ಮಾಡಿದ ಮಣ್ಣು ಹಾಗೇ ಉಳಿಯಿತು. ಅಮ್ಮ ಅದರ ಪಕ್ಕದಲ್ಲೇ ಓಡಾಡುತ್ತಿದ್ದಳು, ಕಳೆ ಬಂದರೆ ಕೀಳುತ್ತಿದ್ದಳು. ಬೀಜ ಮಾತ್ರ ಮುಟ್ಟಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಸುಮಿತ್ರ ಕರಿಬೇವು ಕೀಳಲು ಹೋದವಳು, "ಥೂ, ಎಲೆ ತುಂಬಾ ಹುಳ ರೀ! ಸೋಪಿನ ನೀರು ಎರಚ್ಬಿಡಿ" ಎಂದು ಕೂಗಿದಳು. ನಾನು ನನ್ನ ಬೂದು ಪಟವನ್ನು ಹಿಡಿದು ಓಡಿದೆ. ಕೆಲವು ಮರಿಗಳು ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂದು ಬಿಳಿ. ಕೆಲವು ದಪ್ಪಗೆ, ಹಸಿರಾಗಿ, ಬೆನ್ನ ಮೇಲೆ ಪಟ್ಟೆ. ಕಡ್ಡಿಯಿಂದ ತಿವಿದರೆ ತಲೆಯ ಮೇಲೆ ಕೆಂಪು ಕೋಡು ಹೊರಹಾಕಿ ಒಂಥರಾ ವಾಸನೆ ಬಿಟ್ಟಿತು. ಹಿಂದಿನಿಂದ ಅಮ್ಮ ಬಂದು ಬಗ್ಗಿ ನೋಡಿದಳು. ಅಲುಗಾಡದೆ ಕೂತಿದ್ದ ಒಂದು ಹುಳುವನ್ನೇ ಬಹಳ ಹೊತ್ತು ನೋಡಿದಳು.

"ಮುಟ್ಬೇಡ್ರಿ. ಹುಳ ಜ್ವರಕ್ಕೆ ಕೂತೈತೆ" ಅಂದಳು.

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆ ಹೊತ್ತಿನಲ್ಲಿ ಅದು ತಿನ್ನುವುದಿಲ್ಲ, ಅದನ್ನು ಯಾರೂ ಕದಲಿಸಬಾರದು. ಅಮ್ಮನ ಬಾಯಲ್ಲಿ ಆ ಮಾತು ಕೇಳಿ ಎಷ್ಟೋ ಕಾಲವಾಗಿತ್ತು. ಇದು ಚಿಟ್ಟೆಯ ಮರಿ, ಕರಿಬೇವು ನಿಂಬೆ ಎಲೆ ತಿಂದು ಬೆಳೆಯುತ್ತದೆ, ರೆಕ್ಕೆ ಬಂದರೆ ಕಪ್ಪು ಮೈಗೆ ಬಿಳಿ ಚುಕ್ಕೆಗಳ ಸಾಲು ಇರುತ್ತದೆ ಎಂದು ನಾನು ವಿವರಿಸಿದೆ. ಅಮ್ಮ ಹೂಂಗುಟ್ಟಿದಳೇ ಹೊರತು ನಂಬಲಿಲ್ಲ. ಮಧ್ಯಾಹ್ನ ಯಾರ ಹೊಲದಿಂದಲೋ ಒಂದು ಹೊರೆ ಹಿಪ್ಪುನೇರಳೆ ಸೊಪ್ಪು ತರಿಸಿ, ಸಣ್ಣಗೆ ಹೆಚ್ಚಿ ಗಿಡದ ಕೊಂಬೆಗಳ ಮೇಲೆ ಉದುರಿಸಿದಳು. ಹುಳುಗಳು ಮೂಸಿಯೂ ನೋಡಲಿಲ್ಲ. "ಎಂಥಾ ಸೊಪ್ಪು ಕೊಟ್ಟೆ, ತಿನ್ನಲ್ಲ ಅಂತವೆ. ರುಚಿ ಗೊತ್ತಿಲ್ದಿರೋ ಹುಳ" ಎಂದು ಬೈದುಕೊಂಡು ಸುಮ್ಮನಾದಳು.

ಮರುದಿನದಿಂದ ನಮ್ಮ ಮನೆ ಹುಳುಮನೆಯಾಯಿತು. ರೇಷ್ಮೆ ಸಾಕುವವರ ಕಟ್ಟುಪಾಡು ನಿಮಗೆ ಗೊತ್ತಿದ್ದರೆ ಗೊತ್ತು. ಹುಳುವಿಗೆ ಘಾಟು ಆಗದು. ಹಾಗಾಗಿ ಊದುಬತ್ತಿ ನಿಂತಿತು, ಸೊಳ್ಳೆಬತ್ತಿ ನಿಂತಿತು, ಹಿತ್ತಲ ಕಡೆಯ ಕಿಟಕಿ ಮುಚ್ಚದೆ ಮೆಣಸಿನಕಾಯಿ ಒಗ್ಗರಣೆ ಹಾಕುವ ಹಾಗಿಲ್ಲ. ಸಾವಿನ ಮನೆಗೆ ಹೋಗಿ ಬಂದವರು ಹಿತ್ತಲಿಗೆ ಕಾಲಿಡುವಂತಿಲ್ಲ. ನಾನು ಅಂಗಡಿಯಿಂದ ಬಂದರೆ ಮೊದಲು ಕಾಲು ತೊಳೆಯಬೇಕು. ಗ್ಯಾಸ್ ತಂದವನು ಹಿತ್ತಲ ಬಾಗಿಲಿಗೆ ಬಂದಾಗ, "ಬೀಡಿ ಸೇದಿದ್ದೀಯೇನಪ್ಪಾ? ಮುಂದ್ಗಡೆ ಬಾ" ಎಂದು ಸಿಲಿಂಡರ್ ಸಮೇತ ಅವನನ್ನು ಸುತ್ತು ಹಾಕಿಸಿದಳು. ನೊಣ ಬಂದು ಹುಳುವಿನ ಮೇಲೆ ಮೊಟ್ಟೆಯಿಡುತ್ತದೆ ಎಂದು ಸೊಳ್ಳೆ ಪರದೆಯೊಂದನ್ನು ಗಿಡಕ್ಕೆ ಹೊದಿಸಿದಳು. ಅದು ನನ್ನ ಹಾಸಿಗೆಯ ಪರದೆ ಅನ್ನುವುದು ನನಗೆ ಮಲಗುವಾಗ ಗೊತ್ತಾಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ಸುಮಿತ್ರಳಿಗೆ. ಗಿಡದಿಂದ ಒಂದು ಎಲೆ ಕೀಳುವಂತಿಲ್ಲ. "ಮನೇಲಿ ಕರಿಬೇವಿನ ಗಿಡ ಇಟ್ಕೊಂಡು ಸಂತೇಲಿ ಕರಿಬೇವು ಕೇಳೋ ಹಂಗಾಯ್ತಲ್ಲ ಅತ್ತೆ" ಎಂದಳು. ಅಮ್ಮ, "ಅವು ಮಕ್ಕಳು ಕಣಮ್ಮಾ, ತಿನ್ಲಿ ಬಿಡು. ನೀನು ಸಾರಿಗೆ ಕೊತ್ತಂಬರಿ ಹಾಕು" ಅಂದಳು. ಸುಮಿತ್ರ ನನ್ನ ಕಡೆ ನೋಡಿದಳು. ನಾನು ನನ್ನ ಪಟದ ಕಡೆ ನೋಡಿದೆ.

ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು. ಅಮ್ಮ ಬೆಳಿಗ್ಗೆ ಎದ್ದ ಕೂಡಲೇ ಮುಖ ತೊಳೆಯುವ ಮೊದಲು ಹಿತ್ತಲಿಗೆ ಹೋಗುತ್ತಿದ್ದಳು. ನಾವು ಚಿಕ್ಕವರಿದ್ದಾಗ ಹುಳುಮನೆಯ ಪಕ್ಕದಲ್ಲೇ ಮಲಗುತ್ತಿದ್ದೆವು. ಕೊನೆಯ ಜ್ವರ ಬಿಟ್ಟೆದ್ದ ಹುಳುಗಳು ಸೊಪ್ಪು ತಿನ್ನುವ ಸರಸರ ಸದ್ದು ಗೋಡೆಯ ಆಚೆಯಿಂದ ಕೇಳುತ್ತಿತ್ತು. ಆ ದಿನಗಳಲ್ಲಿ ಅಮ್ಮನಿಗೆ ನಾವು ಊಟ ಮಾಡಿದೆವೋ ಇಲ್ಲವೋ ನೆನಪಿರುತ್ತಿರಲಿಲ್ಲ, ಹುಳು ತಿಂದವೋ ಇಲ್ಲವೋ ಮಾತ್ರ ನೆನಪಿರುತ್ತಿತ್ತು. ಅದೇ ಅಮ್ಮ ವಾಪಸು ಬಂದಿದ್ದಳು. ಅವರೆ ಬೀಜದ ಮಾತು ತೆಗೆದರೆ ಮಾತ್ರ ಇನ್ನೂ ಅದೇ ಉತ್ತರ. "ಹುಳ ಅವೇ ತಿಂತಾ ಅವೆ, ಅದರಲ್ಲಿ ನನ್ನ ಕೈ ಏನೂ ಇಲ್ಲ. ಬೀಜ ಬೇಡ" ಅನ್ನುತ್ತಿದ್ದಳು.

ಕೆಲವು ದಿನಗಳಾದ ಮೇಲೆ ದಪ್ಪ ಹುಳುಗಳು ತಿನ್ನುವುದನ್ನು ಬಿಟ್ಟು ಅತ್ತಿತ್ತ ಅಲೆಯತೊಡಗಿದವು. "ಹಣ್ಣಾದ್ವು!" ಎಂದು ಅಮ್ಮ ಸಂಭ್ರಮಪಟ್ಟು, ಅವುಗಳನ್ನು ಮೆಲ್ಲಗೆ ಎತ್ತಿ ಮುರುಕು ಚಂದ್ರಿಕೆಗೆ ಬಿಟ್ಟಳು. ಕೆಲವು ಅಲ್ಲಿ ನಿಂತವು, ಕೆಲವು ಮಾತು ಕೇಳದೆ ಮತ್ತೆ ಗಿಡದ ಕೊಂಬೆಗೇ ಹೋದವು. ಒಂದೊಂದೂ ಬಾಲವನ್ನು ಅಂಟಿಸಿಕೊಂಡು, ಸೊಂಟಕ್ಕೊಂದು ಸಣ್ಣ ದಾರ ಹಾಕಿಕೊಂಡು, ಸ್ವಲ್ಪ ಹಿಂದಕ್ಕೆ ಬಾಗಿ ನಿಂತಿತು. ಮಾರನೆಯ ದಿನದ ಹೊತ್ತಿಗೆ ಹುಳು ಹೋಗಿ ಹಸಿರು ಕೋಶವಾಗಿತ್ತು. ಅಮ್ಮನಿಗೆ ನಿರಾಸೆಯಾಯಿತು. "ಇಷ್ಟೇನಾ? ನೂಲೇ ಇಲ್ವಲ್ಲೋ. ಸೊಂಟಕ್ಕೊಂದು ಉಡಿದಾರ ಅಷ್ಟೇ" ಅಂದಳು. ಇನ್ನು ಕಾಯುವುದೊಂದೇ ಕೆಲಸ, ಚಿಟ್ಟೆ ತಾನಾಗಿ ಹೊರಗೆ ಬರುತ್ತದೆ ಎಂದು ಹೇಳಿ ನಾನು ಅಂಗಡಿಯ ಕೆಲಸದಲ್ಲಿ ಮುಳುಗಿದೆ.

ರೇಷ್ಮೆ ಬೆಳೆಯುವವರಿಗೆ ಚಿಟ್ಟೆ ಅಂದರೆ ಏನು ಅನ್ನುವುದನ್ನು ನಾನು ಮರೆಯಬಾರದಿತ್ತು. ಗೂಡಿನಿಂದ ಚಿಟ್ಟೆ ಹೊರಬಂದರೆ ಗೂಡಿಗೆ ತೂತು ಬೀಳುತ್ತದೆ, ತೂತಾದ ಗೂಡನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಹುಳು ಚಂದ್ರಿಕೆ ಹತ್ತಿದ ಐದನೆಯ ದಿನಕ್ಕೆ ಗೂಡು ಬಿಡಿಸಿ, ಅಂಟಿದ ಕಸ ತೆಗೆದು, ಮಾರ್ಕೆಟ್ಟಿಗೆ ಓಡಬೇಕು. ಅಮ್ಮ ಜೀವಮಾನವಿಡೀ ಚಿಟ್ಟೆಗಿಂತ ಮುಂದೆ ಓಡಿದವಳು. ನಾವು ಮಕ್ಕಳು ಚಿಟ್ಟೆ ನೋಡುತ್ತಿದ್ದದ್ದು ಚಂದ್ರಿಕೆಯ ಸಂದಿಯಲ್ಲಿ ಕಣ್ತಪ್ಪಿ ಉಳಿದ ಒಂದೋ ಎರಡೋ ಗೂಡಿನಿಂದ. ರೇಷ್ಮೆಯ ಚಿಟ್ಟೆಗೆ ಹಾರಲು ಬರುವುದಿಲ್ಲ, ರೆಕ್ಕೆ ಪಟಪಟ ಬಡಿದುಕೊಂಡು ನೆಲದ ಮೇಲೆ ನಡೆಯುತ್ತದೆ. ಹಾರುವ ಚಿಟ್ಟೆಗಳೇ ಬೇರೆ ಜಾತಿ, ಅವು ಹುಳುವಿನಿಂದ ಬರುವುದಿಲ್ಲ ಎಂದೇ ನಾನು ಹೈಸ್ಕೂಲಿನವರೆಗೆ ನಂಬಿದ್ದೆ.

ಒಂದು ದಿನ ಮಧ್ಯಾಹ್ನ ಊಟಕ್ಕೆ ಬಂದೆ. ಅಮ್ಮ ಜಗಲಿಯಲ್ಲಿ ಕಾಲು ನೀಡಿ ಕೂತು, ತೊಡೆಯ ಮೇಲಿನ ಬುಟ್ಟಿಯಲ್ಲಿ ಏನನ್ನೋ ಶುಚಿ ಮಾಡುತ್ತಿದ್ದಳು. ಮುಖದಲ್ಲಿ ದಣಿದ ಸಂತೋಷ.

"ಬಾ ನಾಯನಾ. ಗೂಡು ಬಿಡಿಸ್ದೆ."

ಬುಟ್ಟಿಯಲ್ಲಿ ಹಸಿರು ಕೋಶಗಳು. ಚಂದ್ರಿಕೆಯಿಂದ, ಕೊಂಬೆಯಿಂದ ಒಂದೂ ಬಿಡದೆ ಕಿತ್ತಿದ್ದಳು. ಸೊಂಟದ ದಾರಗಳನ್ನೂ ಕಸ ಎಂದು ತೆಗೆದು ಹಾಕಿದ್ದಳು.

"ಯಾಕಮ್ಮಾ ಕಿತ್ತೆ?"

"ಐದನೇ ದಿನ ಅಲ್ವೇನೋ ಇವತ್ತು? ಬಿಟ್ರೆ ಚಿಟ್ಟೆ ಆಗೋಗಲ್ವಾ?" ಅಂದಳು. ಅಂದ ಮೇಲೆ ಬುಟ್ಟಿಯನ್ನು ನೋಡಿದಳು. ಗೇಟಿನ ಕಡೆ ನೋಡಿದಳು. ಇದನ್ನು ಯಾವ ಮಾರ್ಕೆಟ್ಟಿಗೆ ಒಯ್ಯಬೇಕು ಅನ್ನುವ ಪ್ರಶ್ನೆ ಅವಳಿಗೆ ಆಗ ಹೊಳೆಯಿತು ಅಂತ ಕಾಣುತ್ತದೆ. ಬೆರಳುಗಳು ನಿಂತವು. "ಅಯ್ಯೋ ದೇವ್ರೇ. ಇವು ಚಿಟ್ಟೆ ಆಗ್ಲಿ ಅಂತಲ್ವಾ ಸಾಕಿದ್ದು" ಅಂದಳು.

ಸುಮಿತ್ರ ಒಳಗಿನಿಂದ ಬಂದು ನೋಡಿ, ಅಮ್ಮನ ಪಕ್ಕದಲ್ಲಿ ಕೂತಳು. ಒಂದು ಕೋಶ ಕೀಳುವಾಗಲೇ ಒಡೆದು ನೀರಾಗಿತ್ತು. ಉಳಿದವುಗಳಲ್ಲಿ ಒಂದೆರಡನ್ನು ಮುಟ್ಟಿದರೆ ಬಾಲ ಅಲುಗಿತು, ಜೀವವಿತ್ತು. ನೆಲದ ಮೇಲೆ ಬಿದ್ದ ಕೋಶದಿಂದ ಚಿಟ್ಟೆ ಬಂದರೂ, ಜೋತುಬಿದ್ದು ರೆಕ್ಕೆ ಹರಡಿಕೊಳ್ಳಲು ಜಾಗ ಸಿಗದೆ ಮುದುಡಿಹೋಗುತ್ತದೆ ಎಂದು ನಾನು ಎಲ್ಲೋ ಓದಿದ್ದೆ. ಅದನ್ನು ಅಲ್ಲಿ ಹೇಳಬೇಕಾಗಿರಲಿಲ್ಲ, ಹೇಳಿಬಿಟ್ಟೆ. ಅಮ್ಮ ಎರಡೂ ಅಂಗೈಗಳನ್ನು ಮಗುಚಿ ನೋಡಿಕೊಂಡಳು. "ನಾನು ಹೇಳ್ಲಿಲ್ವಾ? ಈ ಕೈಗೆ ಏನೂ ಕೊಡ್ಬೇಡ್ರಿ ಅಂತ" ಎಂದಳು.

ಉಪಾಯ ಹೊಳೆದದ್ದು ಸುಮಿತ್ರಳಿಗೆ. "ಉಡಿದಾರ ಕಿತ್ತೋದ್ರೆ ಇನ್ನೊಂದು ಕಟ್ಟಿದ್ರಾಯ್ತು" ಎಂದು ಹೊಲಿಗೆ ಡಬ್ಬಿ ತಂದಳು. ಅದರಲ್ಲಿದ್ದ ದಾರ ತೀರಾ ದಪ್ಪ. ನಾನು ಗೋಡೆಯ ಬಳಿ ನಿಂತು ರಹೀಂ ಭಾಯ್ ಅವರನ್ನು ಕೂಗಿದೆ. ಅವರು ಒದ್ದೆ ಕೈ ಒರೆಸಿಕೊಂಡು ಬಂದು ಬುಟ್ಟಿಯನ್ನು ನೋಡಿದರು. ವಿಷಯ ಕೇಳಿದರು. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ.

"ಅರೆ ಅಮ್ಮಾ, ಇದಕ್ಯಾಕೆ ಇಷ್ಟು ಬೇಜಾರು? ದಾರ ನಮ್ಮನೇಲಿ ಕಮ್ಮೀನಾ?" ಎಂದು ಶೆಡ್ಡಿಗೆ ಹೋಗಿ ಹೊಸ ನೂಲಿನ ಒಂದು ಎಳೆ ತಂದರು. ಗೂಡು ಕುದಿಯುವ ಬಾಣಲೆಯ ಮುಂದೆ ಕೂತು ತುಂಡಾದ ಎಳೆಗೆ ಗಂಟು ಹಾಕುವುದು ಅವರ ದಿನದ ಕೆಲಸ. ಸುಮಿತ್ರ ಕೋಶ ಹಿಡಿದುಕೊಂಡಳು, ಅವರು ಒಂದೊಂದಕ್ಕೂ ಸೊಂಟಕ್ಕೆ ಸುತ್ತಿ ಕೊಂಬೆಗೆ ಬಿಗಿದರು, ನಾನು ಬಾಲದ ತುದಿಗೆ ಅಂಟು ಹಚ್ಚಲು ಹೋಗಿ ನನ್ನ ಬೆರಳನ್ನೇ ಅಂಟಿಸಿಕೊಂಡೆ. ಗಂಟು ಹಾಕುತ್ತ ಭಾಯ್ ಅಂದರು: "ನಮ್ಮ ದಾದಾ ಕಾಲದಿಂದ ಗೂಡಿಂದ ನೂಲು ಕಿತ್ಕೊಂಡೇ ಬಂದಿದೀವಿ. ವಾಪಸ್ ಕೊಡ್ತಿರೋದು ಇವತ್ತೇ ಅಮ್ಮಾ." ಅಮ್ಮನೂ ಸ್ವಲ್ಪ ನಕ್ಕಳು. ಆದರೆ ಕಟ್ಟುವಾಗ ಒಂದು ಕೋಶವನ್ನೂ ಮುಟ್ಟಲಿಲ್ಲ.

ಕಾಯುವುದು ಶುರುವಾಯಿತು. ಅಮ್ಮ ದೂರದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನೋಡುತ್ತಿದ್ದಳು. ಹತ್ತಿರ ಹೋಗುತ್ತಿರಲಿಲ್ಲ. ನಾನು ಅವರೆಬೀಜದ ಸುದ್ದಿ ಎತ್ತಲಿಲ್ಲ. ಈ ಕೋಶಗಳೂ ಸತ್ತರೆ ಅವಳು ಆ ಕೈಯಿಂದ ಇನ್ನು ಯಾವತ್ತೂ ಏನನ್ನೂ ಮಾಡುವುದಿಲ್ಲ ಅನ್ನುವುದು ನನಗೂ ಸುಮಿತ್ರಳಿಗೂ ಗೊತ್ತಿತ್ತು. ಹಳ್ಳಿಯಲ್ಲಿದ್ದಾಗ ದೇವರಿಗೆ ಕೈ ಮುಗಿಯಲೂ ಸೋಮಾರಿಯಾಗಿದ್ದ ನಾನು, ಅಂಗಡಿಗೆ ಹೋಗುವ ಮುಂಚೆ ಕರಿಬೇವಿನ ಗಿಡದ ಮುಂದೆ ಒಂದು ನಿಮಿಷ ನಿಲ್ಲುತ್ತಿದ್ದೆ.

ಒಂದು ಸಂಜೆ ಎರಡು ಕೋಶಗಳು ಕಪ್ಪಾದವು. ರೇಷ್ಮೆಯಲ್ಲಿ ಗೂಡು ಕಪ್ಪಾಗುವುದೆಂದರೆ ಒಳಗೆ ಹುಳು ಸತ್ತು ಕರಗಿದೆ ಎಂದರ್ಥ. ಅಮ್ಮ ನೋಡಿದವಳೇ ಒಳಗೆ ಹೋಗಿ ಮಲಗಿದಳು, ಊಟಕ್ಕೆ ಏಳಲಿಲ್ಲ. ಚಿಟ್ಟೆ ಹೊರಬರುವ ಮುಂಚೆ ಕೋಶ ಕಪ್ಪಾಗುತ್ತದೋ ಇಲ್ಲವೋ ನನಗೆ ತಿಳಿದಿರಲಿಲ್ಲ. ನನ್ನ ಪಟದಲ್ಲಿ ಎಲ್ಲ ಕೋಶಗಳೂ ಮೊದಲೇ ಕಪ್ಪಾಗಿದ್ದವು.

ಬೆಳಿಗ್ಗೆ ಸುಮಿತ್ರ ಕೂಗಿದ ಕೂಗಿಗೆ ರಹೀಂ ಭಾಯ್ ಕೂಡ ಗೋಡೆಯ ಮೇಲೆ ತಲೆ ಹಾಕಿದರು. ಒಂದು ಕೋಶ ಮೇಲ್ಗಡೆ ಬಿರಿದು, ಒದ್ದೆಯಾದ ಕಪ್ಪು ಚಿಟ್ಟೆಯೊಂದು ಹೊರಗೆ ತೆವಳುತ್ತಿತ್ತು. ಅಮ್ಮ ಓಡಿ ಬಂದವಳು, "ಅಯ್ಯೋ, ತೂತಾಗೋಯ್ತು!" ಎಂದು ಬಾಯಿ ತಪ್ಪಿ ಅಂದು, ಆಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು. ಚಿಟ್ಟೆ ನಿಧಾನವಾಗಿ ಭಾಯ್ ಕಟ್ಟಿದ ಎಳೆಯನ್ನು ಹಿಡಿದು ಮೇಲೇರಿ, ಜೋತುಬಿದ್ದು, ಸುಕ್ಕಾಗಿದ್ದ ರೆಕ್ಕೆಗಳನ್ನು ಬಿಡಿಸಿಕೊಳ್ಳುತ್ತ ಹೋಯಿತು. ಅಂಚಿನಲ್ಲಿ ಬಿಳಿ ಚುಕ್ಕೆಗಳು ಸಾಲಾಗಿ ಕಂಡವು. ನಾನು ಚಪ್ಪಾಳೆ ತಟ್ಟಲು ಹೋದೆ. "ತಾಳು, ರೆಕ್ಕೆ ಒಣಗ್ಲಿ" ಎಂದು ಅಮ್ಮ ಗದರಿದಳು. ಬಿಸಿಲು ಗೋಡೆಯಿಂದ ಇಳಿದು ಗಿಡಕ್ಕೆ ಬಂದ ಹೊತ್ತಿಗೆ ಅದು ಎರಡು ಸಲ ರೆಕ್ಕೆ ಆಡಿಸಿ, ನಿಂಬೆಗಿಡದ ಮೇಲಿಂದ ಭಾಯ್ ಶೆಡ್ಡಿನ ಹೆಂಚಿನ ಆಚೆ ಹೋಯಿತು. ಮಧ್ಯಾಹ್ನದೊಳಗೆ ಇನ್ನೊಂದೂ ಹಾರಿತು. ಅಮ್ಮ ಹಿತ್ತಲಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

ಮರುದಿನ ಮೂರನೆಯದು ಬಂತು. ಅದಕ್ಕೆ ಕಟ್ಟಿದ್ದ ಎಳೆ ರಾತ್ರಿಯೇ ಜಾರಿತ್ತು ಅಂತ ಕಾಣುತ್ತದೆ. ಅಮ್ಮ ಹೋಗುವಷ್ಟರಲ್ಲಿ ಚಿಟ್ಟೆ ಗಿಡದ ಬುಡದಲ್ಲಿ ಮಣ್ಣಿನ ಮೇಲಿತ್ತು. ಒಂದು ಕಡೆಯ ರೆಕ್ಕೆ ಸುಕ್ಕಾಗಿಯೇ ಒಣಗಿಹೋಗಿತ್ತು. ನಾನು ಹಲ್ಲುಜ್ಜುತ್ತ ಹೊರಗೆ ಬಂದಾಗ ಅಮ್ಮ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಚಿಟ್ಟೆ ಅವಳ ಬಲಗೈಯ ಬೆರಳ ಮೇಲಿತ್ತು. ಆಯಿತು, ಒಂದು ದಿನದ ಸಂತೋಷ ಮುಗಿಯಿತು ಎಂದುಕೊಂಡೆ.

"ಇದು ನಾನು ಮಾಡಿದ್ದು" ಅಂದಳು ಅಮ್ಮ.

"ಹಂಗೆಲ್ಲ ಅನ್ಬೇಡಮ್ಮ. ಎರಡು ಹಾರಿಹೋಗ್ಲಿಲ್ವಾ? ಕೈಗುಣ ಅಂತೆಲ್ಲ ಏನೂ—"

"ಕೈಗುಣ ಅಂತ ಯಾರಂದ್ರು ಈಗ?" ಎಂದು ನನ್ನನ್ನೇ ಗದರಿದಳು. "ನಾನು ಕಿತ್ತೆ, ಅದಕ್ಕೆ ಹಿಂಗಾಯ್ತು. ಕೀಳ್ದೆ ಇದ್ದಿದ್ರೆ ಇದೂ ಹಾರ್ತಿತ್ತು. ಇದಕ್ಕೆ ಕಾರಣ ಐತೆ."

ಸುಮಿತ್ರ ಹತ್ತಿಯನ್ನು ಸಕ್ಕರೆ ನೀರಲ್ಲಿ ಅದ್ದಿ ತಂದು ಕೊಟ್ಟಳು. ಅಮ್ಮ ಅದನ್ನು ಎಡಗೈಯಲ್ಲಿ ಹಿಡಿದು ಚಿಟ್ಟೆಯ ಮುಂದಿಟ್ಟಳು. ಸುರುಳಿ ಸುತ್ತಿದ್ದ ಕೂದಲೆಳೆಯಂಥ ನಾಲಿಗೆಯನ್ನು ಅದು ಬಿಚ್ಚಿ ಹತ್ತಿಗೆ ಇಟ್ಟಿತು. ನಾವು ಮೂವರೂ ಬಹಳ ಹೊತ್ತು ಅದನ್ನೇ ನೋಡಿದೆವು. ಗೋಡೆಯ ಆಚೆ ಭಾಯ್ ಅವರ ರಾಟೆ ತಿರುಗತೊಡಗಿತು.

"ಅವತ್ತು ಗಾಳಿ ನಮ್ಮ ಸೊಪ್ಪಿನ ಕಡೆಗೇ ಇತ್ತು ನಾಯನಾ" ಅಂದಳು ಅಮ್ಮ. ತಲೆ ಎತ್ತಲಿಲ್ಲ. "ಹುಳ ಬದುಕ್ತಲ್ಲ, ಆ ಮನೆಯವರ ಹೊಲ ಮೇಲ್ಗಡೆ ಐತೆ, ಅವರ ಕಡೆ ಹೋಗ್ಲಿಲ್ಲ. ನನ್ನ ಹುಳ ಔಷಧಿಗೆ ಸತ್ವು. ನನ್ನ ಕೈ ಏನ್ ಮಾಡಿತ್ತು ಅದಕ್ಕೆ?"

ನಾವೆಲ್ಲ ಇಷ್ಟು ಕಾಲ ಹೇಳಿದ್ದು ಅದನ್ನೇ. ನಾವು ಹೇಳಿದಾಗ ಅವಳ ಕಿವಿಗೆ ಬಿದ್ದಿರಲಿಲ್ಲ. ನನಗೆ ಅಳು ಬಂತು, ಬಾಯಲ್ಲಿ ಪೇಸ್ಟಿನ ನೊರೆ ಇದ್ದದ್ದರಿಂದ ಸರಿಯಾಗಿ ಅಳಲೂ ಆಗಲಿಲ್ಲ. ಉಗಿದು, ಬಾಯಿ ತೊಳೆದುಕೊಂಡು, "ಏನೂ ಮಾಡಿರ್ಲಿಲ್ಲ ಅಮ್ಮ" ಅಂದೆ. ಸುಮಿತ್ರ ಆಗಲೇ ಒಳಗೆ ಹೋಗಿ ಅವರೆಬೀಜದ ಡಬ್ಬಿ ತಂದು, ಅಮ್ಮನ ಪಕ್ಕದಲ್ಲಿ ಇಟ್ಟಿದ್ದಳು.

ಅಮ್ಮ ಡಬ್ಬಿಯನ್ನೊಮ್ಮೆ, ಬೆರಳ ಮೇಲಿನ ಚಿಟ್ಟೆಯನ್ನೊಮ್ಮೆ ನೋಡಿದಳು.

"ಎಡಗೈಯಲ್ಲಿ ಬೀಜ ಹಾಕ್ಬಾರ್ದು ಕಣಮ್ಮಾ" ಅಂದಳು. "ಇದು ಕುಡಿದು ಮುಗಿಸ್ಲಿ, ತಾಳು. ನೀವು ಅಷ್ಟರಲ್ಲಿ ಮಣ್ಣಿಗೆ ಒಂಚೂರು ನೀರು ಚುಮುಕಿಸಿ."